ಒಳ್ಳೆ ಚರ್ಮದ ತುಂಡು

ಮೊನ್ನೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನರಸಿಂಹರಾಜಪುರದ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಪಕ್ಕಕ್ಕೆ ಒಂದು ಪಿಕಪ್ ವ್ಯಾನ್ ಬಂದು ನಿಂತಿತು. ಹಿಂದೆ ಎರಡು ನೀಲಿ ಡ್ರಮ್ಮು. ಒಂದರ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಒಳಗಿರುವುದು ಚೊಗರು ಎಂದು ಬಗ್ಗಿ ನೋಡದೆಯೇ ಗೊತ್ತಾಯಿತು. ಸುಲಿದ ಹಸಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಆ ಕೆಂಪು ರಸದ ವಾಸನೆ ಮೂಗಿಗೆ ಬಿದ್ದರೆ ನಾಲಿಗೆಯೂ ಒಗರಾಗುತ್ತದೆ. ಉಳಿದವರಿಗೆ ಅದು ಅಡಿಕೆಗೆ ಬಣ್ಣ ಬರಿಸುವ ಸಾಮಾನು. ನನಗೆ ಮಾತ್ರ ಆ ವಾಸನೆ ಬಂದ ಕೂಡಲೇ ಕೈ ತಾನಾಗಿ ಎಡಗಿವಿಯ ಹಿಂದೆ ಹೋಗುತ್ತದೆ. ಅವತ್ತೂ ಹೋಯಿತು. ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದೆ. ಹಳೇ ಅಭ್ಯಾಸ, ಸುಲಭಕ್ಕೆ ಬಿಡುವುದಿಲ್ಲ.

ನನ್ನದು ಸಂಶಯದ ಸ್ವಭಾವ. "ಹಾವಲ್ಲ, ಹಗ್ಗ ಅಂತ ಊರೆಲ್ಲ ಹೇಳಿದ ಮೇಲೂ ಕೋಲಲ್ಲಿ ಒಂದ್ಸಲ ತಿವಿದು ನೋಡೋಳು ಇವ್ಳು" ಎಂದು ಅಮ್ಮ ಬಂದವರ ಎದುರಿಗೆಲ್ಲ ಹೇಳುತ್ತಿದ್ದಳು. ಅಂಥವಳಿಗೆ ಕೆಲವು ವರ್ಷದ ಹಿಂದೆ ಸಿಕ್ಕಿದ್ದು ಜನರನ್ನು ನಂಬಿಸುವ ಕೆಲಸ.

ಹೊರ ಜಿಲ್ಲೆಯ ಒಂದು ಮೆಡಿಕಲ್ ಕಾಲೇಜಿನ ಚರ್ಮರೋಗದ ಡಾಕ್ಟರೊಬ್ಬರು ಸೋರಿಯಾಸಿಸ್ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕು ತಿರುಗಿ, ಆ ಕಾಯಿಲೆ ಇರುವವರನ್ನು ಹುಡುಕಿ, ವಿಷಯ ತಿಳಿಸಿ ಒಪ್ಪಿಸಿ, ತಿಂಗಳಿಗೊಮ್ಮೆ ನಡೆಯುವ ಕ್ಯಾಂಪಿಗೆ ಕರೆತರಲು ಊರಿನವರೇ ಒಬ್ಬರು ಬೇಕಾಗಿತ್ತು. ಒಂದು ವರ್ಷದ ಕರಾರು. ಬಿ.ಎಸ್ಸಿ. ಮುಗಿಸಿ ಶೃಂಗೇರಿಯ ಒಂದು ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುತ್ತಿದ್ದ ನಾನು ಅರ್ಜಿ ಹಾಕಿದೆ, ಸಿಕ್ಕಿತು. ಅವರು ನನಗೊಂದು ಫಾರ್ಮಿನ ಕಟ್ಟು, ಒಂದು ಕಪ್ಪು ಬ್ಯಾಗು, ಬಾಟಲಿಗೆ ಅಂಟಿಸುವ ಲೇಬಲ್ಲುಗಳ ಸುರುಳಿ ಕೊಟ್ಟರು. ನಾನು ಅವರಿಗೆ ಒಂದು ವಿಷಯ ಹೇಳಲಿಲ್ಲ. ಮೂರು ವರ್ಷದಿಂದ ನನ್ನ ತಲೆಯಲ್ಲಿ, ಎಡಗಿವಿಯ ಹಿಂದೆ, ಅದೇ ಕಾಯಿಲೆ ಕೂತಿತ್ತು.

ಕೆಂಪಗೆ ದಪ್ಪಗಾದ ಚರ್ಮ, ಮೇಲೆ ಬೆಳ್ಳಿ ಬಣ್ಣದ ಪೊರೆ. ಕೆರೆದರೆ ಉದುರುತ್ತದೆ, ಕೆರೆಯದಿದ್ದರೂ ಉದುರುತ್ತದೆ. ಅಮ್ಮ ಎಲ್ಲರಿಗೂ ತಲೆಹೊಟ್ಟು ಎಂದು ಹೇಳಿಟ್ಟಿದ್ದಳು. ಆಗ ಶೃಂಗೇರಿ ಕಡೆಯ ಒಂದು ಸಂಬಂಧದ ಮಾತು ನಡೆಯುತ್ತಿತ್ತು. ಚರ್ಮದ ಕಾಯಿಲೆ ಎಂದರೆ ಹುಡುಗನ ಮನೆಯವರು ಪೂರ್ತಿ ಕೇಳುವ ಮೊದಲೇ ಎದ್ದು ಹೋಗುತ್ತಾರೆ ಎಂಬುದು ಅವಳ ಹೆದರಿಕೆ. ನಾನು ಕೂದಲನ್ನು ಕಿವಿ ಮುಚ್ಚುವ ಹಾಗೆ ತಗ್ಗಿಸಿ ಕಟ್ಟುತ್ತಿದ್ದೆ. ಬಿಳಿ, ಕೆನೆ ಬಣ್ಣದ ಚೂಡಿದಾರ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಯಾರಾದರೂ ನನ್ನ ಹೆಗಲ ಕಡೆ ನೋಡಿದರೆ ಅವರ ಮಾತು ಆಮೇಲೆ ಒಂದೂ ಕೇಳಿಸುತ್ತಿರಲಿಲ್ಲ.

ಡಾಕ್ಟರಿಗೆ ಪ್ರತಿ ರೋಗಿಯಿಂದ ಎರಡು ತುಂಡು ಚರ್ಮ ಬೇಕಾಗಿತ್ತು, ತೊಗರಿ ಬೇಳೆಯಷ್ಟೇ ದೊಡ್ಡದು. ಒಂದು ಕಾಯಿಲೆ ಇರುವ ಜಾಗದ್ದು, ಇನ್ನೊಂದು ಅದೇ ಮನುಷ್ಯರ ಚೆನ್ನಾಗಿರುವ ಜಾಗದ್ದು. ಜೊತೆಗೆ ಕಾಯಿಲೆಯೇ ಇಲ್ಲದ ಕೆಲವರಿಂದ ಒಂದೊಂದು ತುಂಡು. ಮೂರನ್ನೂ ಪಕ್ಕಪಕ್ಕ ಇಟ್ಟು ಒಳಗೆ ಏನೇನು ಬದಲಾಗಿದೆ ಎಂದು ನೋಡುವುದು. ಊರು ಅನುಮಾನಪಟ್ಟದ್ದು ಆ ಒಳ್ಳೆ ಚರ್ಮದ ತುಂಡಿನ ಮೇಲೆಯೇ.

ಕಿಗ್ಗದಲ್ಲಿ ಒಬ್ಬ ಅಜ್ಜ ಮೊಣಕಾಲು ತೋರಿಸಿ, "ಕೆಟ್ಟದ್ದು ಎಷ್ಟು ಬೇಕಾದ್ರೂ ತಗೊಂಡ್ಹೋಗಿ. ಒಳ್ಳೇದು ಎಂತಕ್ಕೆ?" ಎಂದರು.

"ಹೋಲಿಸಿ ನೋಡೋಕೆ ಅಜ್ಜ."

"ಮಾವಿನ ಮರಕ್ಕೆ ಬಂದಳಿಕೆ ಹಿಡಿದ್ರೆ ಬಂದಳಿಕೆ ಕಡೀತಾರೆ. ಹೋಲಿಸಿ ನೋಡ್ತೇನೆ ಅಂತ ಒಳ್ಳೆ ಟೊಂಗೆ ಕಡಿಯೋರನ್ನ ನಾ ಕಂಡಿಲ್ಲ ಮಾರಾಯ್ತಿ."

ನರಸಿಂಹರಾಜಪುರದ ಕಡೆ ಒಳ್ಳೆ ಚರ್ಮ ಸಿನೆಮಾದವರ ಮುಖಕ್ಕೆ ಹೋಗುತ್ತದೆ ಎಂದು ಸುದ್ದಿಯಾಗಿತ್ತು. ಒಪ್ಪಿಗೆಯ ಫಾರ್ಮಿಗೆ ಹೆಬ್ಬೆಟ್ಟು ಒತ್ತಿದರೆ ಪಹಣಿಯಲ್ಲಿ ಹೆಸರು ಬದಲಾಗುತ್ತದೆ ಎಂದು ಒಬ್ಬರು ನನ್ನನ್ನು ಗೇಟಿನ ಹೊರಗೇ ನಿಲ್ಲಿಸಿದರು. ಮೇಲೆ ನಗುತ್ತಿದ್ದೆ. ಒಳಗೆ ನಾನೂ ಅವರ ಪಕ್ಷವೇ. ಸಾಲದ್ದಕ್ಕೆ, ಒಳ್ಳೆ ತುಂಡು ಏಕೆ ಎಂದು ಡಾಕ್ಟರನ್ನೇ ಕೇಳಿದೆ.

ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಒಂದು ಹಳೇ ಫಾರ್ಮಿನ ಹಿಂದೆ ಗೆರೆ ಎಳೆದು ತೋರಿಸಿದರು. ಚರ್ಮದ ಕಣ ಕೆಳಗೆ ಹುಟ್ಟಿ, ಬಲಿಯುತ್ತ ಮೇಲೆ ಬಂದು, ಉದುರಲು ಸುಮಾರು ಒಂದು ತಿಂಗಳು ಬೇಕು. ಈ ಕಾಯಿಲೆಯಲ್ಲಿ ನಾಲ್ಕೈದು ದಿನಕ್ಕೇ ಮೇಲೆ ಬಂದುಬಿಡುತ್ತದೆ. ಬಲಿಯದ ಕಣ ರಾಶಿ ಬಿದ್ದು ಪೊರೆಯಾಗುತ್ತದೆ. ಇದು ಚರ್ಮ ಒಂದರದೇ ತಪ್ಪಲ್ಲ. ರಕ್ತದಲ್ಲಿ ಟಿ ಕಣ ಎಂಬ ಕಾವಲಿನ ಕಣಗಳಿವೆ, ಹೊರಗಿನ ರೋಗಾಣು ಬಂದರೆ ಹೊಡೆಯುವಂಥವು. ಅವು ಚರ್ಮದೊಳಗೆ ಬಂದು ಕೂತು ಒಂದು ಬಗೆಯ ಸಂದೇಶದ ಅಣುವನ್ನು ಬಿಡುತ್ತವೆ. ಇಂಟರ್‌ಲ್ಯೂಕಿನ್ ಹದಿನೇಳು ಎಂದು ಅದಕ್ಕೆ ಹೆಸರು. ಅದು ತಾಗಿದರೆ ಚರ್ಮಕ್ಕೆ ಗಡಿಬಿಡಿ. ಗಡಿಬಿಡಿಗೆ ಬಿದ್ದ ಚರ್ಮ ಇನ್ನಷ್ಟು ಕಾವಲಿನವರನ್ನು ಕೂಗಿ ಕರೆಯುತ್ತದೆ. ಅವರು ಬಂದರೆ ಇನ್ನಷ್ಟು ಗಡಿಬಿಡಿ.

"ಕಳ್ಳ ಯಾರು ಹಾಗಾದ್ರೆ?" ಎಂದೆ.

"ಕಳ್ಳ ಇಲ್ಲ. ಆದರೆ ಕಳ್ಳ ಒಳಗೆ ಬಂದಿದ್ದಾನೆ ಅಂತ ಅವಕ್ಕೆ ಖಾತ್ರಿಯಾಗಿಬಿಟ್ಟಿದೆ."

ಇಂಥ ಸ್ವಭಾವದವರು ನನಗೆ ಗೊತ್ತು ಎಂದು ಹೇಳಲು ಹೋಗಿ ಬಾಯಿ ಮುಚ್ಚಿಕೊಂಡೆ.

"ಚೆನ್ನಾಗಿ ಕಾಣೋ ಚರ್ಮದ ಒಳಗೂ ಈ ಗಲಾಟೆ ಸಣ್ಣದಾಗಿ ಶುರುವಾಗಿರಬಹುದು. ಹೊರಗೆ ಏನೂ ಕಾಣಲ್ಲ. ಅದಕ್ಕೇ ಒಳ್ಳೆ ತುಂಡು ಬೇಕು" ಎಂದರು ಡಾಕ್ಟರು. ನನ್ನ ಕೈ ಕಿವಿಯ ಹಿಂದೆ ಹೋಗುವುದರಲ್ಲಿತ್ತು. ತಡೆದು ಪೆನ್ನು ಹುಡುಕುವವಳ ಹಾಗೆ ಬ್ಯಾಗಿಗೆ ಕೈ ಹಾಕಿದೆ.

ಗುಲಾಬಕ್ಕ ಸಿಕ್ಕಿದ್ದು ದೀಪಾವಳಿ ಕಳೆದು ಒಂದು ವಾರಕ್ಕೆ, ಭಂಡಿಗಡಿಯಲ್ಲಿ. ತೋಟದ ಕೂಲಿಯವಳು, ಐವತ್ತೈದು ದಾಟಿರಬೇಕು. ಅಡಿಕೆ ಸುಲಿಯುವುದರಲ್ಲಿ ಆ ಕಡೆಗೆ ಅವಳನ್ನು ಮೀರಿಸಿದವರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಸುಲಿಯುವ ಹೆಂಗಸರ ಒಂದು ಗುಂಪು ಹಂಗಾಮಿನ ಮೂರು ತಿಂಗಳು ಮನೆಯಿಂದ ಮನೆಗೆ ಹೋಗುತ್ತದೆ. ಮಣೆಗೆ ನೆಟ್ಟ ಮೆಟ್ಟುಗತ್ತಿಯನ್ನು ಕಾಲಲ್ಲಿ ಒತ್ತಿ ಹಿಡಿದು ಸಾಲಾಗಿ ಕೂತು ಬೆಳಗಿನಿಂದ ಸಂಜೆಯವರೆಗೆ ಸುಲಿಯುತ್ತಾರೆ. ನಾನು ಹೋದಾಗ ಹಂಗಾಮು ಜೋರಾಗಿತ್ತು, ಗುಲಾಬಕ್ಕ ಮಾತ್ರ ಮನೆ ಜಗಲಿಯಲ್ಲಿ ಬರಿಗೈಯಲ್ಲಿ ಕೂತಿದ್ದಳು. ಅವಳ ಅಂಗೈ ಬಿರಿದಿತ್ತು. ಕಣಕಾಲ ಮೇಲೆ ಅಂಗೈಯಗಲದ ಮಚ್ಚೆಗಳು.

"ನನ್ನನ್ನ ಸಾಲಿಂದ ಎಬ್ಬಿಸಿದ್ರು" ಎಂದಳು. ಕೂರಿಸುವ ಮೊದಲೇ ಹೇಳಿದ ಮಾತು.

"ಯಾರು?"

"ಬಾಯಿ ಬಿಟ್ಟು ಯಾರೂ ಹೇಳ್ಲಿಲ್ಲ. ಸುಣ್ಣದ ಡಬ್ಬಿ ಹೇಳ್ತು."

ಸುಲಿಯುವವರ ನಡುವೆ ಎಲೆಅಡಿಕೆಯ ಒಂದು ಹರಿವಾಣ, ಒಂದೇ ಸುಣ್ಣದ ಡಬ್ಬಿ. ಡಬ್ಬಿ ಕೈಯಿಂದ ಕೈಗೆ ಸಾಲಿನ ಕೊನೆಯವರೆಗೆ ಹೋಗುತ್ತದೆ, ಎಲ್ಲರೂ ಅದಕ್ಕೇ ಬೆರಳು ಅದ್ದುತ್ತಾರೆ. ಆ ವರ್ಷ ಮೊದಲ ದಿನ ಡಬ್ಬಿ ಗುಲಾಬಕ್ಕನವರೆಗೆ ಬಂದು, ಅವಳನ್ನು ದಾಟಿ ಮುಂದಿನವಳಿಗೆ ಹೋಯಿತು. ಗುಂಪಿನ ಯಜಮಾನ್ತಿ ಯಶೋದ ಒಂದು ಎಲೆಯ ತುಂಡಿನ ಮೇಲೆ ಸುಣ್ಣ ಹಚ್ಚಿ ಗುಲಾಬಕ್ಕನ ಮುಂದೆ ನೆಲದ ಮೇಲಿಟ್ಟಳು. ಮೂರನೆಯ ದಿನ, ಈ ಸಲ ಆಳು ಜಾಸ್ತಿಯಾಗಿದೆ ಎಂದಳು. ದೊಡ್ಡ ರೋಗ, ಅಂದರೆ ಕುಷ್ಠ, ಎಂದು ಗುಂಪಿನಲ್ಲಿ ಮಾತು ಹಬ್ಬಿತ್ತು.

"ಇಪ್ಪತ್ತು ವರ್ಷ ಒಟ್ಟಿಗೆ ಕೂತವ್ರು ಅಮ್ಮಾ. ವರ್ಷದಲ್ಲಿ ಮೂರು ತಿಂಗಳು ನಾನು ಜನರ ಮಧ್ಯೆ ಇರ್ತಿದ್ದೆ. ಈಗ ಈ ಗೋಡೆ ನೋಡ್ಕಂಡು ಕೂತಿದೀನಿ." ಆಮೇಲೆ ಗಟ್ಟಿಯಾಗಿ ಕೇಳಿದಳು. "ನಿಮ್ಮ ಡಾಕ್ಟ್ರು ಒಂದು ಚೀಟಿ ಬರ್ಕೊಡ್ತಾರಾ? ಇದು ಅಂಟಲ್ಲ ಅಂತ, ಕನ್ನಡದಲ್ಲಿ? ಕೊಡ್ತಾರಾದ್ರೆ ಬರ್ತೀನಿ."

ಕೊಡುತ್ತಾರೆ ಎಂದೆ. ಎರಡು ತುಂಡಿನ ವಿಷಯವನ್ನೂ ಹೇಳಿದೆ. ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಹೆಗಲಿಂದ ಇಳಿಬಿದ್ದ ಬ್ಯಾಗಿನ ಕಪ್ಪು ಪಟ್ಟಿಯ ಮೇಲಿತ್ತು. ಒಳಗೆ ಕತ್ತಿ ಗಿತ್ತಿ ಇದೆಯೇನೋ ಎಂದು ನೋಡುತ್ತಿದ್ದಾಳೆ ಅಂದುಕೊಂಡೆ.

"ಕಾಯಿಲೆ ಇಲ್ದೇ ಇರೋರೂ ಕೊಡ್ಬೇಕು ಅಂದ್ರಲ್ಲ. ನಿಮಗೆ ಇಲ್ವಲ್ಲ?"

"ಇಲ್ಲ" ಎಂದೆ. ಎಷ್ಟೋ ಸಲ ಹೇಳಿ ಹದವಾದ ಮಾತು.

"ಹಾಗಾದ್ರೆ ಮೊದ್ಲು ನೀವು ಕೊಡಿ. ಕಣ್ಣಾರೆ ಕಂಡ ಮೇಲೆ ನಾನು ಕೊಡ್ತೀನಿ."

ಆಗುವುದಿಲ್ಲ ಎಂದರೆ ಏಕೆ ಎಂದು ಹೇಳಬೇಕಾಗುತ್ತಿತ್ತು. ಒಪ್ಪಿಕೊಂಡೆ.

ಕೊಪ್ಪದ ಒಂದು ಸಭಾಭವನದಲ್ಲಿ ಕ್ಯಾಂಪು. ಗುಲಾಬಕ್ಕ ಅವತ್ತು ಇದ್ದುದರಲ್ಲಿ ಒಳ್ಳೆ ಸೀರೆ ಉಟ್ಟು ಬಂದಳು. ಕೈಕಾಲು ನೋಡಿದರೆ ನನಗೆ ಗುರುತೇ ಸಿಗಲಿಲ್ಲ. ಮೊಣಕೈಯಿಂದ ಬೆರಳ ತುದಿಯವರೆಗೆ, ಮೊಣಕಾಲಿಂದ ಪಾದದವರೆಗೆ ಒಂದೇ ಕಂದುಗೆಂಪು. ಡಾಕ್ಟರು ಕನ್ನಡಕ ಏರಿಸಿಕೊಂಡು ನೋಡಿದರು, ಮೂಸಿ ನೋಡಿದರು, ನನ್ನ ಕಡೆ ತಿರುಗಿದರು.

"ಇದೇನಿದು?"

"ಚೊಗರು" ಎಂದಳು ಗುಲಾಬಕ್ಕ. ಮೂರು ದಿನ ಅಡಿಕೆ ಸಿಪ್ಪೆಯಿಂದ ಉಜ್ಜಿ ಪೊರೆಯೆಲ್ಲ ತೆಗೆದು, ಗಟ್ಟಿ ಚೊಗರು ಬಳಿದುಕೊಂಡಿದ್ದಳಂತೆ. "ಹಾಳು ಅಡಿಕೆನೂ ಚೊಗರಲ್ಲಿ ಅದ್ದಿದ್ರೆ ಒಂದೇ ಬಣ್ಣ ಬರ್ತದೆ. ಡಾಕ್ಟ್ರ ಎದುರಿಗೆ ಹಾಗೇ ಹ್ಯಾಗೆ ಬರೋದು, ಅಸಹ್ಯ ಕಾಣಲ್ವ?"

ನನಗೆ ನಗು ಬಂತು, ಕೂಡಲೇ ನಗು ನಿಂತಿತು. ಕೆನೆ ಬಣ್ಣದ ಚೂಡಿದಾರ ಹಾಕಿಕೊಂಡು ನಿಂತವಳು ನಾನು. ಡಾಕ್ಟರಿಗೆ ಮಾತ್ರ ಸಿಟ್ಟು ಬಂದಿತ್ತು. ಉಜ್ಜಿದ್ದರಿಂದ ಗೀರು ಬಿದ್ದಲ್ಲೆಲ್ಲ ಹೊಸ ಮಚ್ಚೆ ಏಳಲು ಹೊರಟಿತ್ತು. ಈ ಕಾಯಿಲೆಯ ಗುಣವೇ ಅದು, ಗಾಯವಾದ ಜಾಗಕ್ಕೆ ಹುಡುಕಿಕೊಂಡು ಬರುತ್ತದೆ. "ಪೊರೆ ಇಲ್ಲ, ಬಣ್ಣ ಮುಚ್ಚಿದೆ. ಮೇಲಿಂದ ನೋಡಿ ನಾನು ಏನೂ ಬರೆದುಕೊಡೋಕೆ ಆಗಲ್ಲ. ತುಂಡಿನ ವರದಿ ಬರಲಿ, ಆಮೇಲೆ ಚೀಟಿ" ಎಂದರು.

ಮೊದಲು ನಾನು ಕೂತೆ. ಫಾರ್ಮಿನಲ್ಲಿ ಒಂದು ಪ್ರಶ್ನೆಯಿತ್ತು, ನಿಮಗೆ ಅಥವಾ ಮನೆಯವರಿಗೆ ಈ ಕಾಯಿಲೆ ಇದೆಯೇ ಎಂದು. ಉಳಿದವರಿಗೆ ಓದಿ ಹೇಳಿ ತುಂಬಿಸುತ್ತಿದ್ದ ಅದೇ ಕೈಯಲ್ಲಿ 'ಇಲ್ಲ' ಎಂದು ಬರೆದೆ. ಡಾಕ್ಟರ ಜೊತೆ ಬಂದಿದ್ದ ಕಿರಿಯ ಡಾಕ್ಟರು ತೋಳಿನ ಒಳಬದಿಗೆ ಸೂಜಿ ಕೊಟ್ಟು ಜೋಮು ಹಿಡಿಸಿ ತುಂಡು ತೆಗೆದರು. ಗುಲಾಬಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಅವಳೂ ಕೊಟ್ಟಳು, ಕಣಕಾಲಿಂದ ಒಂದು, ಚೊಗರು ತಾಗದ ತೋಳಿಂದ ಒಂದು. ಅವತ್ತು ಒಟ್ಟು ಆರು ಮಂದಿ. ಎಲ್ಲ ಬಾಟಲಿಗೂ ಲೇಬಲ್ ಅಂಟಿಸಿದ್ದು ನಾನು.

ಮೂರು ವಾರ ಗುಲಾಬಕ್ಕ ಪಕ್ಕದ ಮನೆಯ ಫೋನಿನಿಂದ ದಿನಾ ಫೋನ್ ಮಾಡಿದಳು. "ಬಂತಾ ಅಮ್ಮಾ?" ಅಷ್ಟೇ. ಇಲ್ಲ ಎಂದರೆ ಇಟ್ಟುಬಿಡುತ್ತಿದ್ದಳು. ಹಂಗಾಮು ಮುಗಿಯುತ್ತ ಬರುತ್ತಿತ್ತು. ಡಾಕ್ಟರು ಬೇಕೆಂದೇ ತಡಮಾಡುತ್ತಿದ್ದಾರೆ, ಚೀಟಿ ಕೊಡುವ ಮನಸ್ಸೇ ಇಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಕೊನೆಗೆ ಡಾಕ್ಟರು ಮುಂದಿನ ಕ್ಯಾಂಪಿಗೆ ನರಸಿಂಹರಾಜಪುರಕ್ಕೆ ಬಂದಾಗ ನನ್ನೊಬ್ಬಳನ್ನೇ ಒಳಗೆ ಕರೆದರು. ಮೇಜಿನ ಮೇಲೆ ಲ್ಯಾಪ್‌ಟಾಪ್. ಅದರಲ್ಲಿ ನೇರಳೆ, ಕಂದು ಬಣ್ಣ ಹಾಕಿದ ಚರ್ಮದ ಚಿತ್ರಗಳು.

"ನಿಮ್ಮದು ಅಂತ ಲೇಬಲ್ ಇರೋ ತುಂಡು ಇದು. ಈ ಕಂದು ಚುಕ್ಕೆಗಳು ಟಿ ಕಣ. ಕಾಯಿಲೆ ಇಲ್ಲದವರಲ್ಲಿ ಇಷ್ಟು ಇರಬಾರದು. ಅಣುಗಳ ಪರೀಕ್ಷೆಯಲ್ಲೂ ಆರೋಗ್ಯವಂತರ ಸಾಲಿಗೆ ಇದು ಕೂರ್ತಾ ಇಲ್ಲ." ಪಕ್ಕದ ಚಿತ್ರ ತೋರಿಸಿದರು. "ಇದು ಗುಲಾಬಿ ಅನ್ನೋರ ಒಳ್ಳೆ ಚರ್ಮ. ಎರಡೂ ಅಕ್ಕತಂಗಿಯರ ಹಾಗಿವೆ. ನೀವು ಲೇಬಲ್ ಅದಲುಬದಲು ಮಾಡಿದ್ದೀರಿ."

"ಇಲ್ಲ ಮೇಡಂ."

"ಒಂದು ತುಂಡಿನಿಂದ ತೀರ್ಮಾನ ಮಾಡೋಕೆ ಆಗಲ್ಲ, ಒಪ್ತೇನೆ. ಆದರೆ ಅನುಮಾನ ಬಂದ ಮೇಲೆ ಆ ದಿನದ ಯಾವ ಬಾಟಲೀನೂ ನಾನು ನಂಬೋ ಹಾಗಿಲ್ಲ. ಆರೂ ಜನರದ್ದು ಪಕ್ಕಕ್ಕೆ ಇಡ್ತೇನೆ. ಮತ್ತೆ ತೆಗೀಬೇಕು."

"ಗುಲಾಬಕ್ಕನ ಚೀಟಿ?"

"ಯಾವ ತುಂಡು ಯಾರದ್ದು ಅಂತಲೇ ಗೊತ್ತಿಲ್ಲದೆ ಏನು ಬರೆಯಲಿ?"

ಮತ್ತೆ ತೆಗೆಯುವುದೆಂದರೆ ಮುಂದಿನ ತಿಂಗಳ ಕ್ಯಾಂಪಿಗೆ, ವರದಿಗೆ ಮತ್ತೆ ಮೂರು ವಾರ. ಅಷ್ಟರಲ್ಲಿ ಸುಲಿಯಲು ಒಂದು ಅಡಿಕೆಯೂ ಉಳಿಯುವುದಿಲ್ಲ. ಈ ವರ್ಷ ತಪ್ಪಿದ ಜಾಗ ಬರುವ ವರ್ಷ ತಾನಾಗಿ ಸಿಗುವುದೂ ಇಲ್ಲ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಶೃಂಗೇರಿಯ ಸಂಬಂಧ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಲೇಬಲ್ ತಪ್ಪಿತು ಎಂದು ಒಂದು ಬೈಗುಳ, ಅಷ್ಟೇ. ನಾನು ಒಳ್ಳೆಯವಳು ಎಂದು ಈಗ ಬರೆದುಕೊಳ್ಳಬಹುದು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ 'ಹೌದು ಮೇಡಂ, ಲೇಬಲ್ ತಪ್ಪಿರಬಹುದು' ಎನ್ನಲು ನನ್ನ ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ಮಡಿಲಲ್ಲಿದ್ದ ಫೋನು ಬಡಿದುಕೊಂಡಿತು. ಗುಲಾಬಕ್ಕನ ಪಕ್ಕದ ಮನೆಯ ನಂಬರು.

ಫೋನ್ ಎತ್ತಲಿಲ್ಲ. ಕೂದಲು ಬಿಚ್ಚಿದೆ. ಡಾಕ್ಟರಿಗೆ ಬೆನ್ನು ಹಾಕಿ ಎಡಗಿವಿಯನ್ನು ಮುಂದಕ್ಕೆ ಮಡಚಿದೆ.

"ಲೇಬಲ್ ಸರಿಯಾಗಿದೆ ಮೇಡಂ. ಫಾರ್ಮಲ್ಲಿ ಬರೆದದ್ದು ಸುಳ್ಳು."

ಹಿಂದೆ ಕುರ್ಚಿ ಸರಿಯಿತು. ಎರಡು ಬೆರಳು ನನ್ನ ಕೂದಲು ಬಗೆದು ನೋಡಿದವು. ಕೈಗವಸು ಹಾಕಿರಲಿಲ್ಲ. ಮೂರು ವರ್ಷದಲ್ಲಿ ಆ ಜಾಗವನ್ನು ನಾನಲ್ಲದೆ ಬೇರೆ ಯಾರೂ ಮುಟ್ಟಿರಲಿಲ್ಲ, ಅಮ್ಮನೂ. ನನಗೆ ಅಳು ಬಂತು.

"ಎಷ್ಟು ವರ್ಷ?"

"ಮೂರು."

"ಔಷಧಿ?"

"ಅಂಗಡಿಯಲ್ಲಿದ್ದಾಗ ಏನೇನೋ ಹಚ್ಚಿದೆ. ವಾಸಿಯಾದ ಹಾಗಾಗಿ ಮತ್ತೆ ಅದೇ ಜಾಗದಲ್ಲಿ ಬರ್ತದೆ."

"ಬಂದೇ ಬರುತ್ತೆ. ವಾಸಿಯಾದ ಮೇಲೂ ಕೆಲವು ಟಿ ಕಣ ಆ ಜಾಗದಲ್ಲೇ ಉಳ್ಕೊಳ್ತವೆ. ಅವಕ್ಕೆ ಹಳೆಯದು ನೆನಪಿರುತ್ತೆ. ಸರಿಯಾಗಿ ನೋಡ್ಕೊಂಡ್ರೆ ಹತೋಟಿಯಲ್ಲಿರುತ್ತೆ." ವಾಪಸು ಹೋಗಿ ಕೂತರು. "ನಿಮ್ಮ ತುಂಡನ್ನ ಆರೋಗ್ಯವಂತರ ಪಟ್ಟಿಯಿಂದ ತೆಗೀತೇನೆ. ಉಳಿದ ಬಾಟಲಿ ನಡೆಯುತ್ತೆ. ಆದರೆ ಫಾರ್ಮಿನಲ್ಲಿ ಸುಳ್ಳು ಬರೆದವರನ್ನ ಈ ಕೆಲಸದಲ್ಲಿ ಇಟ್ಕೊಳ್ಳೋಕೆ ನನಗೆ ಆಗಲ್ಲ. ಗೊತ್ತಾಯ್ತಲ್ಲ?"

ಗೊತ್ತಾಯಿತು ಎಂದೆ. ಅವರು ನನ್ನ ಔಷಧಿಯ ಚೀಟಿ ಮೊದಲು ಬರೆದರು, ಗುಲಾಬಕ್ಕನದ್ದು ಆಮೇಲೆ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. 'ಇದು ಸೋರಿಯಾಸಿಸ್. ಕುಷ್ಠರೋಗವಲ್ಲ. ಮುಟ್ಟಿದರೆ, ಒಟ್ಟಿಗೆ ಕೂತರೆ, ಉಂಡರೆ ಅಂಟುವುದಿಲ್ಲ.' ಕೊಡುವಾಗ, "ಕುಷ್ಠವಾಗಿದ್ದರೂ ಅದಕ್ಕೆ ಔಷಧಿ ಇದೆ, ಎಬ್ಬಿಸಿ ಕಳಿಸೋದಲ್ಲ. ಅದನ್ನೂ ಆ ಹೆಂಗಸರಿಗೆ ಹೇಳಿ" ಎಂದರು.

ಮಾರನೆ ದಿನ ಗುಲಾಬಕ್ಕನನ್ನು ಕರೆದುಕೊಂಡು ಸುಲಿಯುವ ಕಡೆಗೆ ಹೋದೆ. ಭಂಡಿಗಡಿಯಲ್ಲೇ ಒಂದು ಮನೆಯ ಅಂಗಳ. ಚಪ್ಪರದ ಕೆಳಗೆ ಹತ್ತು ಹನ್ನೆರಡು ಹೆಂಗಸರು, ನಡುವೆ ಹಸಿರು ಅಡಿಕೆಯ ರಾಶಿ, ಆಚೆ ಹಂಡೆಯಲ್ಲಿ ಚೊಗರು ಕುದಿಯುತ್ತಿತ್ತು. ನಾನು ನಿಂತುಕೊಂಡು ಚೀಟಿ ಓದಿದೆ, ಡಾಕ್ಟರು ಹೇಳಿಕಳಿಸಿದ್ದನ್ನೂ ಸೇರಿಸಿ. ಯಾರೂ ಕೈ ನಿಲ್ಲಿಸಲಿಲ್ಲ.

ಯಶೋದ ತಲೆ ಎತ್ತದೆ ಹೇಳಿದಳು. "ಓದಿದ್ದು ನೀವು. ಬರೆದದ್ದೂ ನೀವೇ ಅಲ್ಲ ಅಂತ ನಾವು ಹ್ಯಾಗೆ ನಂಬೋದು? ಒಳ್ಳೆ ಚರ್ಮ ಕೊಯ್ಕೊಳ್ಳೋಕೆ ನೀವು ಎಂತ ಬೇಕಾದ್ರೂ ಹೇಳ್ತೀರಿ."

ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಕಾಗದದಿಂದ ಸಂಶಯ ಹೋಗುವ ಹಾಗಿದ್ದರೆ ನನ್ನದು ಎಂದೋ ಹೋಗಬೇಕಿತ್ತು. ಚೀಟಿ ಮಡಚಿ ಗುಲಾಬಕ್ಕನ ಕೈಗೆ ಕೊಟ್ಟೆ. ಆಮೇಲೆ ಎರಡನೇ ಸಲ, ಈ ಬಾರಿ ಹನ್ನೆರಡು ಜನರ ಎದುರಿಗೆ, ಕೂದಲು ಬಿಚ್ಚಿ ಕಿವಿ ಮಡಚಿದೆ.

"ನಂಗೂ ಅದೇ. ಮೂರು ವರ್ಷವಾಯ್ತು. ಒಂದೇ ಮನೇಲಿದೀವಿ, ಒಂದೇ ಬಚ್ಚಲು, ಅಮ್ಮಂಗೆ ಬಂದಿಲ್ಲ, ಅಣ್ಣಂಗೆ ಬಂದಿಲ್ಲ. ನಂಬೋದಾದ್ರೆ ನಂಬಿ, ಬಿಟ್ರೆ ಬಿಡಿ."

ಈಗ ಕೈಗಳು ನಿಂತವು. ಯಶೋದ ಎದ್ದು ಬಂದು ನನ್ನ ಕಿವಿಯ ಹಿಂದೆ ನೋಡಿದಳು, ಗುಲಾಬಕ್ಕನ ಕಣಕಾಲು ನೋಡಿದಳು, ಮತ್ತೆ ನನ್ನ ಕಿವಿ. ಕೊಯ್ಲಿಗೆ ಬಂದ ಗೊನೆ ನೋಡುವ ಹಾಗೆ ಪುರುಸೊತ್ತಿನಲ್ಲಿ ನೋಡಿದಳು. ಆಮೇಲೆ ಹೋಗಿ ಕೂತು ತನ್ನ ಮಣೆಯನ್ನು ಒಂದು ಗೇಣು ಸರಿಸಿದಳು. ಗುಲಾಬಕ್ಕ ಆ ಸಂದಿಯಲ್ಲಿ ಕೂತಳು.

ಸುಣ್ಣದ ಡಬ್ಬಿ ಬಂತು. ನಾನು ಅದನ್ನೇ ನೋಡುತ್ತಿದ್ದೆ. ಯಶೋದ ಮೊದಲು ಒಂದು ಎಲೆಯ ಮೇಲೆ ದಿನಕ್ಕೆಲ್ಲ ಸಾಕಾಗುವಷ್ಟು ಸುಣ್ಣ ತೆಗೆದು ತನ್ನ ಪಕ್ಕ ಇಟ್ಟುಕೊಂಡಳು. ಆಮೇಲೆ ಡಬ್ಬಿಯನ್ನು ಗುಲಾಬಕ್ಕನ ಕೈಗೆ ಕೊಟ್ಟಳು. ಅವತ್ತಿಗೆ ಅಷ್ಟೇ. ಅಷ್ಟಾದರೂ ಆಯಿತು.

ನನ್ನನ್ನು ರಸ್ತೆಯವರೆಗೆ ಕಳಿಸಲು ಬಂದ ಗುಲಾಬಕ್ಕ, ಬಸ್ಸು ಕಾಣುವ ಹೊತ್ತಿಗೆ ಹೇಳಿದಳು.

"ನಂಗೆ ಮೊದ್ಲ ದಿನವೇ ಗೊತ್ತಿತ್ತು."

"ಎಂತದು?"

"ಆ ಕಪ್ಪು ಪಟ್ಟಿ ಮೇಲೆ ಉದುರಿತ್ತಲ್ಲ. ಹೊಟ್ಟು ಹಾಗಿರಲ್ಲ. ನನ್ನ ಹಾಸಿಗೇಲಿ ದಿನಾ ಗುಡ್ಸೋದು ಅದನ್ನೇ."

"ಮತ್ತೆ ಮೊದ್ಲು ನೀವು ಕೊಡಿ ಅಂತ ಎಂತಕ್ಕೆ ಅಂದಿದ್ದು?"

"ಹೇಳ್ತೀರೇನೋ ನೋಡೋಣ ಅಂತ. ಹೇಳ್ಲಿಲ್ಲ ನೀವು."

"ಸುಳ್ಳಿ ಅಂತ ಗೊತ್ತಿದ್ದೂ ಚರ್ಮ ಕೊಟ್ರಾ?"

ಗುಲಾಬಕ್ಕ ಬಿರಿದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. "ಚೀಟಿ ನಂಗೊಬ್ಳಿಗೇ ಬೇಕಿದ್ದಲ್ಲ ಅನ್ನಿಸ್ತು ಮಾರಾಯ್ತಿ."

ಅಲ್ಲಿಯವರೆಗೆ ಅಮ್ಮಾ ಎನ್ನುತ್ತಿದ್ದವಳು ಅವಳು.

ಸುದ್ದಿ ನನಗಿಂತ ಮೊದಲೇ ನಮ್ಮೂರು ಬೇಗಾರು ಮುಟ್ಟಿತ್ತು. ಅಮ್ಮ ಎರಡು ದಿನ ಮಾತು ಬಿಟ್ಟಳು. ಶೃಂಗೇರಿಯವರ ಫೋನು ಆ ವಾರದಿಂದ ನಿಂತಿತು. ಇದೇ ಕಾರಣ ಎಂದು ಹೇಳಲಾರೆ, ಅನುಮಾನವಷ್ಟೇ. ಮೂರನೆಯ ದಿನ ಅಮ್ಮ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು, "ತಿರುಗು ಈ ಕಡೆ" ಎಂದು ಕಿವಿಯ ಹಿಂದೆ ತಾನೇ ಹಚ್ಚಿದಳು. ಡಾಕ್ಟರ ಔಷಧಿ ಹಚ್ಚುವುದನ್ನೂ ಅವಳಿಗೆ ಕಲಿಸಿದೆ. ಬೇಸಿಗೆಯ ಹೊತ್ತಿಗೆ ನರಸಿಂಹರಾಜಪುರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಈಗಲೂ ಅಲ್ಲೇ ಇದ್ದೇನೆ. ನೀಲಿ ಬಟ್ಟೆಯನ್ನೂ ಹಾಕುತ್ತೇನೆ.

ಮೊನ್ನೆ ಆ ಪಿಕಪ್ಪು ಹೊರಟಾಗ ನರಸಿಂಹರಾಜಪುರದ ಬಸ್ಸೂ ಬಂತು. ಹತ್ತಲಿಲ್ಲ, ಭಂಡಿಗಡಿಯ ಬಸ್ಸು ಹಿಡಿದೆ. ಚಳಿ ಬಿದ್ದ ಮೇಲೆ ನನ್ನ ಕಿವಿಯ ಹಿಂದಿನ ಹಳೇ ಜಾಗ ಮತ್ತೆ ಎದ್ದಿತ್ತು. ನೀಲಿ ಸ್ವೆಟರಿನ ಹೆಗಲ ಮೇಲೆ ಉದುರಿದ್ದು ನನಗೇ ಕಾಣುತ್ತಿತ್ತು. ಸುಲಿಯುವ ಗುಂಪು ರಸ್ತೆ ಬದಿಯ ಮನೆಯಲ್ಲೇ ಇತ್ತು. ಅರ್ಧಕ್ಕರ್ಧ ಕೆಲಸ ಈಗ ಯಂತ್ರಕ್ಕೆ ಹೋಗಿ ಐದೇ ಜನ ಉಳಿದಿದ್ದಾರೆ. ಗುಲಾಬಕ್ಕ ಯಶೋದನ ಪಕ್ಕ ಕೂತಿದ್ದಳು, ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಹೇಗಿದ್ದೀ ಎಂದೂ ಕೇಳಲಿಲ್ಲ. ಒಂದು ಮಣೆ ನೂಕಿದಳು. ಕೂತ ಮೇಲೆ ಮುಂಗೈಯಿಂದ ನನ್ನ ಹೆಗಲನ್ನು ಎರಡು ಸಲ ಝಾಡಿಸಿದಳು, ಅಡಿಕೆಯ ಸಿಪ್ಪೆ ಝಾಡಿಸಿದ ಹಾಗೆ. ಮಾತು ಯಾವುದೋ ಮದುವೆಯ ಊಟದ ಮೇಲಿತ್ತು, ಅದು ಮುಂದುವರಿಯಿತು.

ಸುಣ್ಣದ ಡಬ್ಬಿ ಹೊರಟಿತು. ನನ್ನ ಕಣ್ಣು ಅದರ ಹಿಂದೆಯೇ. ಯಶೋದ ಎಲೆಯ ಮೇಲೆ ತೆಗೆದಿಟ್ಟುಕೊಳ್ಳುತ್ತಾಳೋ ಎಂದು ನೋಡಿದೆ. ಇಲ್ಲ, ಎಲ್ಲರೂ ಬೆರಳದ್ದಿಯಾದ ಮೇಲೆ ಕೊನೆಯ ಸರದಿ ಈಗ ಅವಳದು. ಗುಲಾಬಕ್ಕ ಬೆರಳದ್ದಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಹಿಡಿದು ಸುಮ್ಮನೆ ಕೂತಿದ್ದೆ. ಆ ಕಡೆಯಿಂದ ಯಶೋದ ಕೈ ಚಾಚಿದಳು.

"ಬೇಗ ಹಚ್ಚಿ ಇತ್ಲಾಗಿ ಕೊಡಿ ಮಾರಾಯ್ರೆ, ನನ್ನ ಎಲೆ ಬಾಡ್ತಾ ಇದೆ."

ನಾನು ಎಲೆಅಡಿಕೆ ಹಾಕುವವಳಲ್ಲ. ಅವತ್ತು ಹಾಕಿದೆ.